ಸಾಲಿನ ಕೊನೆಯಲ್ಲಿ 25, ಮುಂದಿನ ಸಾಲಿನಲ್ಲಿ ಕಿ.ಗ್ರಾಂ: ಇದನ್ನು ತಡೆಯುವುದು ಹೇಗೆ?

ಸಂಖ್ಯೆಗೂ ಅಳತೆಯ ಚಿಹ್ನೆಗೂ ನಡುವೆ ಮಾಮೂಲಿ ಸ್ಪೇಸ್ ಬದಲು 'ನಾನ್-ಬ್ರೇಕಿಂಗ್ ಸ್ಪೇಸ್' ಹಾಕಿ. ನೋಡಲು ಹೆಚ್ಚುಕಮ್ಮಿ ಒಂದೇ ಥರ. ಆದರೆ ಮಾಮೂಲಿ ಸ್ಪೇಸ್ ಕಂಡರೆ, ಇಲ್ಲಿ ಸಾಲು ಮುರಿಯಬಹುದು ಅಂತ ಸಾಫ್ಟ್‌ವೇರ್ ತಿಳಿಯುತ್ತದೆ. ಇದನ್ನು ಕಂಡರೆ ಮುರಿಯುವುದಿಲ್ಲ. ಜಾಗ ಸಾಲದಿದ್ದರೆ '25 ಕಿ.ಗ್ರಾಂ' ಜೋಡಿಯಾಗಿಯೇ ಕೆಳಗಿಳಿಯುತ್ತದೆ. ವಿಂಡೋಸ್‌ನ ವರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಸ್ಪೇಸ್ ಮೂರನ್ನೂ ಒಟ್ಟಿಗೆ ಒತ್ತಿ. ಮ್ಯಾಕ್‌ನಲ್ಲಿ ಆಪ್ಷನ್ ಮತ್ತು ಸ್ಪೇಸ್.

ಜಾಗವನ್ನೇ ಬಿಡದೆ ಅಂಟಿಸಿದರೆ ಆಗಲ್ವಾ? ಸಾಲೇನೋ ಮುರಿಯುವುದಿಲ್ಲ. ಆದರೆ ಎಸ್‌ಐ, ಅಂದರೆ ಮೀಟರ್, ಕಿಲೋಗ್ರಾಂಗಳ ಅಂತರರಾಷ್ಟ್ರೀಯ ಪದ್ಧತಿ, ನಡುವೆ ಜಾಗ ಇರಲೇಬೇಕು ಅನ್ನುತ್ತದೆ. ಸೆಲ್ಸಿಯಸ್‌ಗೂ ಅಷ್ಟೇ: 30 °ಸೆ. ಕೋನ ಅಳೆಯುವ ಡಿಗ್ರಿ, ಮಿನಿಟು, ಸೆಕೆಂಡುಗಳ ಚಿಹ್ನೆಗಳಿಗೆ ಮಾತ್ರ ವಿನಾಯಿತಿ: 45°.

ಡಿಗ್ರಿ ಅಂದಾಗ ನೆನಪಾಯಿತು. ° ಚಿಹ್ನೆ ಕೀಬೋರ್ಡಿನಲ್ಲಿ ಸಿಗಲಿಲ್ಲ ಅಂತ ಸೊನ್ನೆಯನ್ನೇ ಚಿಕ್ಕದು ಮಾಡಿ ಮೇಲೆ ಏರಿಸುವವರು ಜಾಸ್ತಿ. ಸುಮ್ನೆ ಅಪಾಯ. ಅದನ್ನು ಫಾರ್ಮ್ಯಾಟಿಂಗ್ ಇಲ್ಲದ ಕಡೆ ಪೇಸ್ಟ್ ಮಾಡಿದರೆ ಸೊನ್ನೆ ಕೆಳಗಿಳಿದು 30 ಡಿಗ್ರಿ 300 ಆಗುತ್ತದೆ.