ಗ್ರಂಥಾಲಯದಲ್ಲಿ ಯಾವುದಕ್ಕೆ ಹಣ, ಯಾವುದಕ್ಕೆ ಇಲ್ಲ?

ಸಾರ್ವಜನಿಕ ಗ್ರಂಥಾಲಯದ ಓದುವ ಕೊಠಡಿಯಲ್ಲಿ ದಿನವಿಡೀ ಕುಳಿತರೂ ಯಾರೂ ಒಂದು ಪೈಸೆ ಕೇಳುವುದಿಲ್ಲ; ಆದರೆ ಅದೇ ಪುಸ್ತಕವನ್ನು ಮನೆಗೆ ಒಯ್ಯಬೇಕೆಂದರೆ ಠೇವಣಿ ಕೇಳುತ್ತಾರೆ, ಎರಡು ಪುಟದ ಜೆರಾಕ್ಸಿಗೂ ದುಡ್ಡು ಪಡೆಯುತ್ತಾರೆ; ಇದನ್ನು ಯಾರು, ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ ಎಂದು ನೀವು ಕೇಳಿದ್ದೀರಿ. ಜಿಲ್ಲಾ ಕೇಂದ್ರವೊಂದರ ಗ್ರಂಥಾಲಯದಲ್ಲಿ ಸುಮಾರು ಮೂರು ದಶಕ ಕೆಲಸ ಮಾಡಿ ನಿವೃತ್ತನಾದವನು ನಾನು. ಇದೇ ಪ್ರಶ್ನೆಯನ್ನು ಕೌಂಟರಿನ ಆಚೆ ನಿಂತವರು ನನಗೆ ಹಲವು ಬಾರಿ ಕೇಳಿದ್ದಾರೆ, ಹೆಚ್ಚಿನ ಸಲ ಸಿಟ್ಟಿನಿಂದಲೇ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಹೆಚ್ಚು ಖರ್ಚಿನ ಸೇವೆಗೆ ಶುಲ್ಕ, ಕಡಿಮೆ ಖರ್ಚಿನದಕ್ಕೆ ಇಲ್ಲ ಎಂದು ಜನ ಊಹಿಸುತ್ತಾರೆ. ವಾಸ್ತವ ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಓದುವ ಕೊಠಡಿಗೆ ಕಟ್ಟಡ ಬೇಕು, ಫ್ಯಾನು, ದೀಪ, ಹತ್ತಾರು ಪತ್ರಿಕೆಗಳು, ಬೆಳಿಗ್ಗೆ ಬಾಗಿಲು ತೆರೆದು ರಾತ್ರಿ ಮುಚ್ಚುವ ಸಿಬ್ಬಂದಿ ಬೇಕು. ಇಷ್ಟೆಲ್ಲ ವೆಚ್ಚದ ಸೇವೆಯೇ ಉಚಿತ. ಒಂದೆರಡು ರೂಪಾಯಿಯಲ್ಲಿ ಮುಗಿಯುವ ಜೆರಾಕ್ಸಿಗೆ ಹಣ. ಏಕೆಂದರೆ ಇಲ್ಲಿ ನೋಡುವುದು ಖರ್ಚನ್ನಲ್ಲ. ಆ ಖರ್ಚನ್ನು ಈಗಾಗಲೇ ಯಾರು ಕೊಟ್ಟಿದ್ದಾರೆ, ಸೇವೆ ಮುಗಿದ ಮೇಲೆ ಆ ವಸ್ತು ಯಾರ ಬಳಿ ಉಳಿಯುತ್ತದೆ ಎಂಬ ಎರಡು ಸಂಗತಿಗಳನ್ನು ನೋಡುತ್ತಾರೆ.

ನಮ್ಮ ರಾಜ್ಯದಲ್ಲಿ ಇದಕ್ಕೆ ಕಾನೂನಿನ ತಳಹದಿಯಿದೆ. 1965ರ ಗ್ರಂಥಾಲಯ ಕಾಯ್ದೆ ಬರುವ ಮುನ್ನವೂ ಇಲ್ಲಿ ಗ್ರಂಥಾಲಯಗಳಿದ್ದವು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯದ ಇತಿಹಾಸವೇ 1915ರಷ್ಟು ಹಿಂದಕ್ಕೆ ಹೋಗುತ್ತದೆ. ಆದರೆ ಖಚಿತವಾದ ವರಮಾನದ ಮೂಲ ಬಂದದ್ದು ಕಾಯ್ದೆಯಿಂದ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯಗಳಿಗೆ ಕಾಯ್ದೆ ಮತ್ತು ಕರಗಳ ಆಸರೆ ಬೇಕೆಂದು ದೇಶದುದ್ದಕ್ಕೂ ವಾದಿಸಿದವರು. 1948ರ ಮದರಾಸು ಕಾಯ್ದೆಯ ಹಿಂದೆ ಅವರ ಶ್ರಮವಿತ್ತು, ನಮ್ಮ ಕಾಯ್ದೆಯೂ ಅವರ ಚಿಂತನೆಯ ಜಾಡಿನಲ್ಲೇ ರೂಪುಗೊಂಡಿತು. ಅದರಂತೆ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ವಸೂಲಿ ಮಾಡಿ, ಗ್ರಂಥಾಲಯಗಳ ಆಡಳಿತ ನೋಡಿಕೊಳ್ಳುವ ಗ್ರಂಥಾಲಯ ಪ್ರಾಧಿಕಾರಕ್ಕೆ ಕೊಡಬೇಕು. ಈ ಕರದ ಪ್ರಮಾಣ ತೆರಿಗೆಯ ಶೇಕಡ 6. ನಿಮ್ಮ ಮನೆಯ ತೆರಿಗೆ ರಸೀದಿಯನ್ನು ಒಮ್ಮೆ ತೆಗೆದು ನೋಡಿ, ಅದರಲ್ಲಿ ಈ ಸಾಲು ಇರುತ್ತದೆ. ಬಾಡಿಗೆದಾರನೂ ಬಾಡಿಗೆಯೊಳಗೆ ಇದನ್ನು ಕೊಡುತ್ತಲೇ ಇದ್ದಾನೆ, ಅವನಿಗೆ ಗೊತ್ತಿರುವುದಿಲ್ಲ ಅಷ್ಟೆ. (ವಸೂಲಾದ ಕರ ಪ್ರಾಧಿಕಾರವನ್ನು ಸಕಾಲದಲ್ಲಿ ತಲುಪುತ್ತದೆಯೇ ಎಂಬುದು ಬೇರೆಯೇ ಕಥೆ, ಬಾಕಿಗಾಗಿ ಪತ್ರ ಬರೆಯುವುದರಲ್ಲೇ ನನ್ನ ಎಷ್ಟೋ ಮಧ್ಯಾಹ್ನಗಳು ಕಳೆದಿವೆ.) ಊರಿನವರೆಲ್ಲ ಹೀಗೆ ಮುಂಚಿತವಾಗಿ ಹಣ ಕೊಟ್ಟಿರುವಾಗ, ಒಳಗೆ ಬಂದು ಪತ್ರಿಕೆ ಓದಿದವನಿಂದ ಮತ್ತೆ ಪಡೆದರೆ ಒಂದೇ ಸರಕಿಗೆ ಎರಡು ಸಲ ಬೆಲೆ ತೆಗೆದುಕೊಂಡಂತಾಗುತ್ತದೆ.

ಜೆರಾಕ್ಸ್ ಇದಕ್ಕಿಂತ ಭಿನ್ನ. ನೀವು ಓದಿಟ್ಟ ಪುಸ್ತಕ ನಾಳೆ ಇನ್ನೊಬ್ಬರ ಕೈಗೆ ಹೋಗುತ್ತದೆ, ನೀವು ಪಡೆದ ಜೆರಾಕ್ಸ್ ಹಾಳೆ ನಿಮ್ಮ ಚೀಲದಲ್ಲೇ ಉಳಿಯುತ್ತದೆ. ಎಲ್ಲರ ಹಣದಲ್ಲಿ ಒಬ್ಬರ ಸ್ವಂತಕ್ಕೆ ಕಾಗದ ಕೊಡುವುದು ನ್ಯಾಯವಲ್ಲ. ಹಾಗೆ ಕೊಟ್ಟರೆ ತಿಂಗಳೊಪ್ಪತ್ತಿನಲ್ಲಿ ಯಂತ್ರಕ್ಕೆ ಶಾಯಿಯೂ ಉಳಿಯುವುದಿಲ್ಲ. ಗ್ರಂಥಾಲಯದ ಸಭಾಂಗಣವನ್ನು ಒಬ್ಬರ ಕಾರ್ಯಕ್ರಮಕ್ಕೆಂದು ಕೊಟ್ಟಾಗ ಪಡೆಯುವ ಬಾಡಿಗೆಗೂ ಇದೇ ತರ್ಕ ಅನ್ವಯಿಸುತ್ತದೆ.

ಠೇವಣಿ ಶುಲ್ಕವಲ್ಲ, ಭದ್ರತೆ. ಸದಸ್ಯತ್ವ ಬಿಡುವಾಗ ಪುಸ್ತಕಗಳನ್ನೆಲ್ಲ ಹಿಂದಿರುಗಿಸಿದ್ದರೆ ಅದನ್ನು ಮರಳಿ ಕೊಡಬೇಕು. ಕಾಗದದ ಮೇಲೆ ಈ ವ್ಯತ್ಯಾಸ ಸ್ಪಷ್ಟವಾಗಿದ್ದರೂ ಕೈಯಲ್ಲಿ ಹಣವಿಲ್ಲದವನಿಗೆ ಎರಡೂ ಒಂದೇ. ನಮ್ಮಲ್ಲಿಗೆ ದಿನವೂ ಸಂಜೆ ಬರುತ್ತಿದ್ದ ಹಮಾಲರೊಬ್ಬರ ಮಗ ಒಂದು ದಪ್ಪ ಕಾದಂಬರಿಯನ್ನು ಮೂರು ವಾರ ಅಲ್ಲೇ ಕುಳಿತು ಓದಿ ಮುಗಿಸಿದ. ಎದ್ದು ಹೋಗುವ ಮುನ್ನ ಅದನ್ನು ಬೇರೆ ಯಾರೂ ತೆಗೆಯದಿರಲೆಂದು ಕೃಷಿ ವಿಭಾಗದ ಕಪಾಟಿನ ಹಿಂದೆ ಬಚ್ಚಿಟ್ಟು ಹೋಗುತ್ತಿದ್ದ. ಅದು ನನ್ನ ಗಮನಕ್ಕೆ ಬಂದ ಮೇಲೂ ನಾನು ಸುಮ್ಮನಿದ್ದೆ. ಠೇವಣಿಯ ಬದಲು ತೆರಿಗೆದಾರರ ಅಥವಾ ಸರ್ಕಾರಿ ನೌಕರರ ಜಾಮೀನು ಪಡೆಯುವ ಪದ್ಧತಿಯೂ ಗ್ರಂಥಾಲಯಗಳಲ್ಲಿ ಹಳೆಯದೇ, ಆದರೆ ಸಹಿ ಹಾಕಿಕೊಡುವಷ್ಟು ಪರಿಚಯದ ನೌಕರ ಆ ಹುಡುಗನಿಗೆ ಎಲ್ಲಿ ಸಿಗಬೇಕಿತ್ತು? ಪುಸ್ತಕಗಳು ಕಳೆದುಹೋಗುವ ಭಯ ಆಧಾರವಿಲ್ಲದ್ದಲ್ಲ; ಆದರೂ ಕನಿಷ್ಠ ಮಕ್ಕಳಿಗೆ ಠೇವಣಿ ಕೇಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದ ಮೇಲೆ, ‘ಓದುವ ಬೆಳಕು’ ಕಾರ್ಯಕ್ರಮದಡಿ ಹಳ್ಳಿಯ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿಸಿದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ.

ಇನ್ನು ವಿಳಂಬ ದಂಡ. ಹೊರಗಿನವರಿಗೆ ಇದು ಗ್ರಂಥಾಲಯದ ಆದಾಯದಂತೆ ಕಾಣುತ್ತದೆ. ಒಳಗಿದ್ದವರಿಗೆ ಇದೊಂದು ತಲೆನೋವು. ದಂಡದ ಉದ್ದೇಶ ಹಣವಲ್ಲ, ಪುಸ್ತಕ ಬೇಗ ಹಿಂದಿರುಗಿ ಮುಂದಿನವರಿಗೆ ಸಿಗಲೆಂಬುದು. ಆದರೆ ಐದು ರೂಪಾಯಿ ದಂಡ ಪಡೆದರೂ ರಸೀದಿ ಹರಿಯಬೇಕು, ನಗದು ಪುಸ್ತಕದಲ್ಲಿ ಬರೆಯಬೇಕು, ಚಲನ್ ತುಂಬಿ ಬ್ಯಾಂಕಿಗೆ ಕಟ್ಟಬೇಕು, ವರ್ಷದ ಕೊನೆಗೆ ಲೆಕ್ಕಪರಿಶೋಧಕರ ಮುಂದೆ ಪ್ರತಿಯೊಂದು ರಸೀದಿಯನ್ನೂ ತೋರಿಸಬೇಕು. ಕುತೂಹಲಕ್ಕೆಂದು ಒಮ್ಮೆ ಲೆಕ್ಕ ಹಾಕಿದೆ: ಒಂದು ತಿಂಗಳಲ್ಲಿ ಸಂಗ್ರಹವಾದ ದಂಡ ಒಂದು ಒಳ್ಳೆಯ ನಿಘಂಟಿನ ಬೆಲೆಗೂ ಸಾಲುತ್ತಿರಲಿಲ್ಲ, ಅದಕ್ಕಾಗಿ ವ್ಯಯವಾದ ಗುಮಾಸ್ತರ ಸಮಯವನ್ನು ಸೇರಿಸಿದರೆ ನಷ್ಟವೇ ಆಗಿತ್ತು. ಅದಕ್ಕಿಂತ ದೊಡ್ಡ ನಷ್ಟ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಮನೆ ಬದಲಾಯಿಸುವಾಗ ಪುಸ್ತಕವೊಂದನ್ನು ಎಲ್ಲೋ ಇಟ್ಟು ಮರೆತಿದ್ದ ಮಹಿಳೆಯೊಬ್ಬರು, ಎಂಟು ತಿಂಗಳ ಮೇಲೆ ಅದು ಸಿಕ್ಕಾಗ ದಂಡ ಎಷ್ಟಾಗಿದೆಯೋ ಎಂದು ಹೆದರಿ, ಪಕ್ಕದ ಮನೆಯ ಹುಡುಗನ ಕೈಯಲ್ಲಿ ಕಳುಹಿಸಿದರು. ಅವನು ಪುಸ್ತಕವನ್ನು ಕೌಂಟರಿನ ಮೇಲಿಟ್ಟು ಓಡಿಯೇ ಹೋದ. ಆಕೆ ಮತ್ತೆಂದೂ ಬರಲಿಲ್ಲ. ನಮಗೆ ಪುಸ್ತಕ ಸಿಕ್ಕಿತು, ವಾರಕ್ಕೆರಡು ಪುಸ್ತಕ ಓದುತ್ತಿದ್ದ ಓದುಗರು ಹೋದರು.

ಅಮೆರಿಕದ ದೊಡ್ಡ ನಗರಗಳು ಈ ತರ್ಕವನ್ನು ಕೊನೆಮುಟ್ಟಿಸಿವೆ. ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಶಿಕಾಗೊ 2019ರಲ್ಲಿ, ನ್ಯೂಯಾರ್ಕ್ 2021ರಲ್ಲಿ ವಿಳಂಬ ದಂಡವನ್ನು ಸಂಪೂರ್ಣ ಕೈಬಿಟ್ಟವು. ದಂಡ ಬಾಕಿಯಿಂದ ಕಾರ್ಡ್ ಬಳಸಲಾಗದಂತಾದವರಲ್ಲಿ ಬಡ ಬಡಾವಣೆಗಳವರೇ ಹೆಚ್ಚೆಂಬುದು ಅಲ್ಲಿ ಮುಖ್ಯ ಕಾರಣವಾಯಿತು. ಪುಸ್ತಕವನ್ನು ಕಳೆದರೆ ಮಾತ್ರ ಅದರ ಬೆಲೆ ಕೊಡಬೇಕೆಂಬ ನಿಯಮ ಉಳಿಯಿತು, ಅದು ಉಳಿಯಬೇಕಾದದ್ದೇ. ಬ್ರಿಟನ್ನಿನ 1964ರ ಕಾಯ್ದೆ ಪುಸ್ತಕ ಎರವಲಿಗೆ ಶುಲ್ಕವಿಲ್ಲವೆಂದು ಹೇಳಿದರೂ ತಡವಾದರೆ ದಂಡಕ್ಕೆ ಅವಕಾಶ ಕೊಟ್ಟಿತು. ಜರ್ಮನಿಯ ಅನೇಕ ನಗರಗಳಲ್ಲಂತೂ ದೊಡ್ಡವರು ಎರವಲು ಕಾರ್ಡಿಗೆ ವಾರ್ಷಿಕ ಶುಲ್ಕ ಕೊಡಬೇಕು, ಮಕ್ಕಳಿಗೆ ಸಾಮಾನ್ಯವಾಗಿ ವಿನಾಯಿತಿ. ಹೀಗಾಗಿ ಉಚಿತ ಎಲ್ಲಿ ಮುಗಿದು ಶುಲ್ಕ ಎಲ್ಲಿ ಆರಂಭವಾಗಬೇಕೆಂಬ ಗೆರೆಯನ್ನು ಪ್ರತಿಯೊಂದು ನಾಡೂ ತನ್ನ ತನ್ನ ಬುದ್ಧಿಗೆ ತೋಚಿದಂತೆ ಎಳೆದುಕೊಂಡಿದೆ. ಯುನೆಸ್ಕೋದ 1994ರ ಪ್ರಣಾಳಿಕೆ ಸಾರ್ವಜನಿಕ ಗ್ರಂಥಾಲಯವು ‘ತಾತ್ವಿಕವಾಗಿ’ ಉಚಿತವಾಗಿರಬೇಕು ಎನ್ನುತ್ತದೆ. ಶುಲ್ಕಗಳೆಲ್ಲ ಒಳಗೆ ನುಸುಳುವುದು ಆ ಒಂದೇ ಪದದ ಸಂದಿಯಿಂದ.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಅತಿ ಹೆಚ್ಚು ಜಗಳ ನಡೆದದ್ದು ಕುರ್ಚಿಗಳ ಬಗ್ಗೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರು ಬಾಗಿಲು ತೆರೆಯುವ ಮೊದಲೇ ಸಾಲು ನಿಲ್ಲುತ್ತಿದ್ದರು, ತಮ್ಮದೇ ಪುಸ್ತಕಗಳನ್ನು ತಂದು ಸಂಜೆಯವರೆಗೆ ಕುಳಿತಿರುತ್ತಿದ್ದರು. ಪತ್ರಿಕೆ ಓದಲು ಬಂದ ಹಿರಿಯರು ಗೋಡೆಗೆ ಒರಗಿ ನಿಂತು ಓದಿ ಹೋಗುತ್ತಿದ್ದರು. ಬೆಂಗಳೂರಿನ ವಿಜಯನಗರದಲ್ಲೂ ಧಾರವಾಡದಲ್ಲೂ ಖಾಸಗಿ ರೀಡಿಂಗ್ ರೂಮುಗಳು ತಿಂಗಳ ಲೆಕ್ಕದಲ್ಲಿ ಹಣ ಪಡೆಯುತ್ತವಲ್ಲ, ನಾವೂ ಸಣ್ಣ ಮೊತ್ತ ಇಡೋಣ, ಗುಂಪು ತಾನೇ ಕರಗುತ್ತದೆ ಎಂದು ಸಭೆಯಲ್ಲಿ ಒಬ್ಬರು ಸೂಚಿಸಿದರು. ಕರಗುವುದು ನಿಜ, ಆದರೆ ಮೊದಲು ಕರಗುವವರು ಯಾರು? ಖಾಸಗಿ ರೂಮಿಗೆ ಹಣ ಕೊಡಲಾಗದ ಕಾರಣಕ್ಕೇ ನಮ್ಮಲ್ಲಿಗೆ ಬಂದವರು. ಇಲ್ಲಿ ಕೊರತೆ ಇದ್ದದ್ದು ಹಣದ್ದಲ್ಲ, ಜಾಗದ್ದು. ಆದ್ದರಿಂದ ನಾವು ಶುಲ್ಕದ ಬದಲು ಹೊತ್ತನ್ನು ಹಂಚಿದೆವು, ಪತ್ರಿಕೆಯ ಮೇಜುಗಳನ್ನು ಪತ್ರಿಕೆ ಓದುವವರಿಗೇ ಮೀಸಲಿಟ್ಟೆವು. ಇದೂ ನಿರ್ದುಷ್ಟವಾದ ಪರಿಹಾರವೆಂದು ನಾನು ಹೇಳಲಾರೆ. ಮುಂಜಾನೆ ಸಾಲಿನಲ್ಲಿ ನಿಲ್ಲಲು ಸಾಧ್ಯವಾಗುವುದು ಮನೆಗೆಲಸದ ಹೊರೆಯಿಲ್ಲದವರಿಗೆ; ತಂಗಿ ತಮ್ಮಂದಿರಿಗೆ ತಿಂಡಿ ಮಾಡಿಟ್ಟು ಹತ್ತು ಗಂಟೆಗೆ ಬರುವ ಹುಡುಗಿಗೆ ಸಾಲೂ ಒಂದು ಬಗೆಯ ಶುಲ್ಕವೇ. ಅದಕ್ಕಾಗಿ ಕೆಲವು ಕುರ್ಚಿಗಳನ್ನು ಹತ್ತು ಗಂಟೆಯ ನಂತರ ಬರುವವರಿಗೆ ಬಿಡಬೇಕಾಯಿತು.

ಇನ್ನು ಯಾರು ತೀರ್ಮಾನಿಸುತ್ತಾರೆ ಎಂಬ ಭಾಗಕ್ಕೆ ಉತ್ತರ ಚಿಕ್ಕದು. ಕಾಯ್ದೆಯಡಿ ನಿಯಮ ಮಾಡುವುದು ಸರ್ಕಾರ, ಆಡಳಿತ ನೋಡಿಕೊಳ್ಳುವುದು ನಗರ ಮತ್ತು ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳು. ಕೌಂಟರಿನಲ್ಲಿ ಕುಳಿತವರಿಗೆ ಠೇವಣಿ ಮನ್ನಾ ಮಾಡುವ ಅಧಿಕಾರವಿಲ್ಲ, ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ನಿಯಮ ಬದಲಾಗಬೇಕೆಂದರೆ ಪ್ರಾಧಿಕಾರಕ್ಕೆ ಲಿಖಿತವಾಗಿ ಬರೆಯಿರಿ. ಹತ್ತು ಓದುಗರು ಸಹಿ ಮಾಡಿದ ಅರ್ಜಿಗೆ ಸಭೆಯಲ್ಲಿ ಬೆಲೆ ಬಂದದ್ದನ್ನು ನಾನು ಕಂಡಿದ್ದೇನೆ.

ನೀವು ಠೇವಣಿ ಕಟ್ಟಿದ್ದರೆ ಅದರ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಊರು ಬಿಡುವಾಗ ಅರ್ಜಿ ಕೊಟ್ಟು ಹಣವನ್ನು ಹಿಂಪಡೆಯಿರಿ. ವರ್ಗವಾಗಿ ಹೋದ ಎಷ್ಟೋ ಜನ ಅದನ್ನು ಶುಲ್ಕವೆಂದೇ ತಿಳಿದು ಬಿಟ್ಟುಹೋಗಿದ್ದರು. ನಾನು ನಿವೃತ್ತನಾಗುವ ದಿನ ಅಧಿಕಾರ ವಹಿಸಿಕೊಟ್ಟ ದಾಖಲೆಗಳಲ್ಲಿ ಅತಿ ದಪ್ಪನೆಯದು ಅವರ ಹೆಸರುಗಳಿದ್ದ ಠೇವಣಿ ವಹಿ.