ಕೇಳಿ, ಹೇಳುತ್ತೇವೆ: ನುಡಿಯಲ್ಲಿ ಟೈಪಾದ ನಡವಳಿ, ಬೀರುವಿನಲ್ಲಿಟ್ಟ ಪೆನ್‌ಡ್ರೈವ್

ಪ್ರಶ್ನೆ: ನಮ್ಮದು ಸಣ್ಣ ಸಹಕಾರ ಸಂಘ. 2003ರಿಂದ 2011ರವರೆಗಿನ ಸಭಾ ನಡವಳಿಗಳನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿ ಸಿ.ಡಿ.ಗೆ ಹಾಕಿಟ್ಟಿದ್ದಾರೆ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಬರೀ ವಿಚಿತ್ರ ಇಂಗ್ಲಿಷ್ ಅಕ್ಷರ. ತುಂಗಾ ಫಾಂಟಿಗೆ ಬದಲಿಸಿದರೂ ಸರಿಹೋಗಲಿಲ್ಲ. ಫೈಲ್ ಕೆಟ್ಟಿದೆಯೇ?
– ಓದುಗರು, ಜಗಳೂರು

ಉತ್ತರ: ಕೆಟ್ಟಿಲ್ಲ. ಹಳೆಯ ನುಡಿ ಫೈಲಿನೊಳಗೆ ಕನ್ನಡ ಇರುವುದೇ ಇಲ್ಲ. ‘ಕನ್ನಡ’ ಎಂದು ಟೈಪ್ ಮಾಡಿದ್ದು ಅಲ್ಲಿ ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೀಟಿರುವ ‘ಎ’, ಪೌಂಡ್ ಚಿಹ್ನೆ, ಹೀಗೆ ಉಳಿದಿರುತ್ತದೆ. ಅದಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟ್. ತುಂಗಾ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಜಾಗತಿಕ ಪದ್ಧತಿ) ಫಾಂಟ್, ಅದಕ್ಕೆ ಈ ವೇಷ ಗೊತ್ತಿಲ್ಲ. ಬದಲಿಸಿ ಸೇವ್ ಮಾಡಿದ್ದರಂತೂ ಇನ್ನೊಂದು ಪೇಚು: ಯಾವುದು ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಎಂಬ ಗುರುತು ಇದ್ದದ್ದು ಫಾಂಟಿನ ಹೆಸರಿನಲ್ಲಿ ಮಾತ್ರ, ಅದೂ ಹೋಯಿತು. ಆ ಪ್ರತಿ ಬಿಟ್ಟು ಸಿ.ಡಿ.ಯಿಂದಲೇ ಮತ್ತೆ ಶುರುಮಾಡಿ.

ಸಿ.ಡಿ.ಯನ್ನು ಇವತ್ತೇ ಹಾರ್ಡ್‌ಡಿಸ್ಕಿಗೆ ಇಳಿಸಿ. ಅದರ ಬಣ್ಣದ ಪದರ ಬಿಸಿಲು, ಶಾಖಕ್ಕೆ ಮಾಸುತ್ತದೆ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು, ಬೇರೆಯವರ ಹಳೇ ಕಂಪ್ಯೂಟರಿನಲ್ಲೂ ಹಾಕಿ ನೋಡಿ.

ಆಮೇಲೆ ವರ್ಡ್‌ನಲ್ಲಿ ಒಂದು ಸಾಲಿನ ಮೇಲೆ ಕರ್ಸರ್ ಇಟ್ಟರೆ ಫಾಂಟಿನ ಹೆಸರು ಕಾಣುತ್ತದೆ. ಅದೇ ಫಾಂಟನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ. ಅಕ್ಷರ ಸರಿಯಾಗಿ ಮೂಡಿದಾಗ ಪಿಡಿಎಫ್/ಎ (ದೀರ್ಘಕಾಲ ಕಾಪಿಡಲೆಂದೇ ಇರುವ ಪಿಡಿಎಫ್ ರೂಪ) ಆಗಿ ಉಳಿಸಿ. ಲಿಬ್ರೆಆಫೀಸಿನಲ್ಲಾದರೆ ಪಿಡಿಎಫ್ ಎಕ್ಸ್‌ಪೋರ್ಟ್ ಮಾಡುವಾಗ ‘ಆರ್ಕೈವಲ್’ ಎಂಬಲ್ಲಿ ಟಿಕ್ ಹಾಕಬೇಕು. 2005ರಲ್ಲಿ ಬಂದ ಈ ಐಎಸ್‌ಒ ಮಾನದಂಡದ ಪ್ರಕಾರ ಫಾಂಟ್ ಫೈಲಿನೊಳಗೇ ಇರಬೇಕು, ಹಾಗಾಗಿ ಯಾವ ಕಂಪ್ಯೂಟರಿನಲ್ಲೂ ಪುಟ ಹಾಗೇ ಕಾಣುತ್ತದೆ. ಆದರೆ ಅದರಲ್ಲಿ ಕನ್ನಡ ಪದ ಹುಡುಕಿದರೆ ಸಿಗದು.

ಹುಡುಕಲು ಯೂನಿಕೋಡ್ ಪ್ರತಿ ಬೇಕು. ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳು ಎಡವುವುದು ಅರ್ಕಾವತ್ತಿನಲ್ಲಿ. ನುಡಿಯಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರೇಫ, ಅಂದರೆ ‘ರ್’, ಮೊದಲು. ‘ಕಾರ್ಯದರ್ಶಿ’ ಒಂದರಲ್ಲೇ ಎರಡಿವೆ; ನಿರ್ದೇಶಕ, ತೀರ್ಮಾನ ಪುಟಪುಟಕ್ಕೂ ಬರುತ್ತವೆ. ನಡುವೆ ಇಂಗ್ಲಿಷ್ ಪದವಿದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತದೆ. ಠರಾವಿನ ಮೊತ್ತ, ದಿನಾಂಕ, ಹೆಸರುಗಳನ್ನು ಪಿಡಿಎಫ್ ಪಕ್ಕದಲ್ಲಿಟ್ಟು ತಾಳೆ ನೋಡಿ. ಮೂಲ ಫೈಲುಗಳೂ ಇರಲಿ. ಸಹಿ ಇರುವ ನಡವಳಿ ಪುಸ್ತಕವನ್ನು ರದ್ದಿಗೆ ಹಾಕುವ ಯೋಚನೆಯೇ ಬೇಡ.

ಪ್ರಶ್ನೆ: ಜಮೀನಿನ ಪತ್ರಗಳ ಸ್ಕ್ಯಾನ್ ಪ್ರತಿ ಪೆನ್‌ಡ್ರೈವಿನಲ್ಲಿ ಹಾಕಿ ಬೀರುವಿನಲ್ಲಿಟ್ಟಿದ್ದೇನೆ. ಹತ್ತು ವರ್ಷ ಇರುತ್ತದೆಯೇ?
– ಓದುಗರು, ಚಿತ್ರದುರ್ಗ

ಉತ್ತರ: ನಂಬಬೇಡಿ. ಪೆನ್‌ಡ್ರೈವ್ ಮಾಹಿತಿಯನ್ನು ವಿದ್ಯುತ್ ಕಣಗಳ ರೂಪದಲ್ಲಿ ಹಿಡಿದಿಟ್ಟಿರುತ್ತದೆ, ಬಳಸದೆ ಇಟ್ಟರೆ ಅವು ನಿಧಾನಕ್ಕೆ ಸೋರುತ್ತವೆ. ನಮ್ಮ ಕಡೆಯ ಏಪ್ರಿಲ್ ಸೆಕೆಯಲ್ಲಿ ಕಬ್ಬಿಣದ ಬೀರು ಕಾದರೆ ಇನ್ನೂ ಬೇಗ. ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಪ್ರತಿ ಫೈಲಿನ ಎಸ್‌ಎಚ್‌ಎ-256 ಮೊತ್ತ, ಅಂದರೆ ಫೈಲಿನ ಬೆರಳಚ್ಚಿನಂಥ ಅಂಕಿ-ಅಕ್ಷರಗಳ ಸಾಲು, ತೆಗೆದು ಬರೆದಿಟ್ಟುಕೊಂಡು (ವಿಂಡೋಸಿನಲ್ಲೇ ಇರುವ ಸರ್ಟ್‌ಯುಟಿಲ್ ಕಮಾಂಡ್ ಸಾಕು) ವರ್ಷಕ್ಕೊಮ್ಮೆ ಮತ್ತೆ ತೆಗೆದು ಹೋಲಿಸಿ. ಒಂದಕ್ಷರ ಬದಲಾದರೂ ಆ ಪ್ರತಿ ಮೊದಲಿನಂತಿಲ್ಲ ಎಂದರ್ಥ. ಇನ್ನೊಂದು ಡಿಸ್ಕಿನಿಂದ ಕಾಪಿ ಮಾಡಿಕೊಳ್ಳಿ.

ಪ್ರಶ್ನೆ: ಗೂಗಲ್ ಡ್ರೈವ್ ಒಂದೇ ಸಾಲದೇ?
– ಓದುಗರು, ಹರಿಹರ

ಉತ್ತರ: ಮೂರನೇ ಪ್ರತಿಯಾಗಿ ಒಳ್ಳೆಯದು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು. ಅಂದಹಾಗೆ, ಫೈಲಿನ ಹೆಸರು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಶುರುವಾಗಲಿ. ನಿಮ್ಮೂರು ಈಗ ದಾವಣಗೆರೆ ಜಿಲ್ಲೆಯಲ್ಲಿದ್ದರೂ 1997ರ ಹಿಂದಿನ ಪತ್ರಗಳಲ್ಲಿ ಜಿಲ್ಲೆ ಚಿತ್ರದುರ್ಗ ಎಂದಿರುತ್ತದೆ. ದಾವಣಗೆರೆ ಎಂದು ಹುಡುಕಿದರೆ ಅವು ಸಿಗಲಿಕ್ಕಿಲ್ಲ, ಹೆಸರಿನಲ್ಲಿ ಊರನ್ನೂ ಸೇರಿಸಿ.