ಹಿಂದಿನಿಂದ ಕುತ್ತಿಗಿ ಹಿಡದ್ರ ಮೊದಲು ಏನು ಮಾಡಬೇಕು?

ರಾತ್ರಿ ಸುಪರ್ ಮಾರ್ಕೆಟ್ ಕಡಿಂದ ರೂಮಿಗೆ ಒಬ್ಬಾಕಿನೇ ನಡದು ಹೋಗ್ತೀನಿ, ಹಿಂದಿನಿಂದ ಯಾರರೆ ಹಿಡದ್ರ ಬಿಡಿಸ್ಕೊಳ್ಳಾಕ ಒಂದು ಪಟ್ಟು ಹೇಳ್ರಿ ಅಂತ ಕೇಳೀರಿ. ಕರಾಟೆ ಸುರು ಮಾಡಿದಾಗ ನಂದೂ ಇದೇ ಪ್ರಶ್ನೆ ಇತ್ತು. ಈಗ ಕಲಬುರಗಿಯಾಗ ಹುಡುಗ್ಯಾರಿಗೆ ಕಲಸ್ತೀನಿ, ಅದಕ್ಕ ಖಡಕ್ಕಾಗೇ ಹೇಳ್ತೀನಿ: ಒಂದೇ ಪಟ್ಟು ಸಾಕು ಅನ್ನೋದು ತಲಿಯಿಂದ ತೆಗೀರಿ. ಕುತ್ತಿಗಿ ಹಿಡದಾನೋ ನಡಾ ಹಿಡದಾನೋ ಅನ್ನೋದರ ಮ್ಯಾಲ ಎಲ್ಲಾ ಬದಲಾಗ್ತದ.

ಕುತ್ತಿಗಿಗೆ ತೋಳು ಸುತ್ತಿದ್ರ ಭಾಳ ಮಂದಿ ಮೊದಲು ಮೊಣಕೈಲೆ ಹಿಂದಕ ಗುದ್ತಾರ. ಮುಳುವಾಗೋದು ಇದೇ. ಕುತ್ತಿಗಿ ಎರಡೂ ಬಾಜೂಕ ಮಿದುಳಿಗೆ ರಕ್ತ ಒಯ್ಯೋ ನಾಳ ಅವ. ಅವೆರಡೂ ಸರಿಯಾಗಿ ಒತ್ತಿದ್ರ ಸುಮಾರು 10 ಸೆಕೆಂಡಿನಾಗ ಎಚ್ಚರ ತಪ್ಪತದ. ಗುದ್ದಾಕ ಒಂದು ಕೈ ಹೋತಂದ್ರ ತೋಳು ತಡಿಯಾಕ ಉಳಿಯೋದು ಒಂದೇ ಕೈ, ಅದು ಸಾಲಂಗಿಲ್ಲ. ಅದೂ ಅಲ್ದ ಗುದ್ದೋವಾಗ ಮೈ ಹೊಳ್ಳಿ ಗದ್ದ ಏಳ್ತದ, ತೋಳು ಇನ್ನಷ್ಟು ಒಳಗ ಕೂಡ್ತದ. ದಪ್ಪ ಮನಷ್ಯಾಗ ಆ ಗುದ್ದು ಗೊತ್ತೂ ಆಗಂಗಿಲ್ಲ. ಮೊದಲು ಕುತ್ತಿಗಿ, ಆಮ್ಯಾಲ ಹೊಡ್ತ.

ಎರಡೂ ಕೈ ಒಮ್ಮೆಲೇ ಮ್ಯಾಲ ಹೋಗಬೇಕು. ಹೆಬ್ಬೆರಳು ಸುತ್ತಬ್ಯಾಡ್ರಿ, ಐದೂ ಬೆರಳು ಕೊಕ್ಕಿ ಹಂಗ ಬಗ್ಗಿಸಿ ಅವನ ಮಣಿಕಟ್ಟಿನ ಹತ್ರ ಹಾಕಿ, ಒಂದೇ ಜಟಕಾಕ್ಕ ನಿಮ್ಮ ಎದಿ ಕಡಿ ಎಳೀರಿ. ಮೊಣಕೈ ಹತ್ರ ಎಳದ್ರ ಜಗ್ಗಂಗಿಲ್ಲ, ಅಲ್ಲಿ ಅವನ ಬಲಾನೇ ಜಾಸ್ತಿ. ಎಳೀತನೇ ಭುಜ ಎತ್ತಿ, ಗದ್ದ ಅವನ ಮೊಣಕೈ ಸಂದಿಗೆ ತಿರುಗಿಸಿ ಕೆಳಗ ಒತ್ರಿ. ಆ ಕೈ ಎದಿಗೇ ಬಿಗಿ ಹಿಡದಿಟ್ಟು, ಅವನ ಅಂಗೈ ಯಾವ ಕಡಿ ಅದನೋ ಆ ಕಡಿ ಭುಜ ಹಿಂದಕ ನುಗ್ಗಿಸಿ ತಿರುಗ್ರಿ. ಸುತ್ತು ಬಿಚ್ಚೋದು ಅಲ್ಲೇ. ತಿರುಗಿದ್ ಮ್ಯಾಲ ತೊಡಿ ಸಂದಿಗೆ ಮೊಣಕಾಲು ಕೊಡ್ರಿ.

ನಡಾ ಹಿಡದ್ರ ಲೆಕ್ಕ ಬ್ಯಾರೆ. ಜಾತ್ರಿ ಕುಸ್ತಿ ನೋಡೀರಂದ್ರ ಗೊತ್ತಿರ್ತದ: ಹಿಂದಿನಿಂದ ನಡಾ ಸಿಕ್ಕ ಪೈಲವಾನ ಮೊದಲು ಮೈಭಾರ ಇಳಸ್ತಾನ, ಕಾಲು ಅಗಲಸ್ತಾನ. ನೆಟ್ಟಗ ನಿಂತವ್ರನ್ನ ಎತ್ತೋದು ಹಗೂರ. ನಿಮ್ಮ ಕೈನೂ ಸೇರಿಸಿ ಹಿಡದಿದ್ರ ಸೊಂಟಾ ಒಂದು ಬಾಜೂಕ ಸರಿಸ್ರಿ, ಅಲ್ಲಿ ಆದ ಜಾಗದಾಗ ಅಂಗೈಲೆ ಹಿಂದಕ ಅವನ ತೊಡಿ ಸಂದಿಗೆ ಹೊಡೀರಿ. ಕೈ ಬಿಡುವಿದ್ರ ಅವನ ಒಂದು ಕಿರುಬೆರಳು ಮುಷ್ಟಿಯಾಗ ಹಿಡದು ಹಿಂದಕ ಮಣಸ್ರಿ. ಎತ್ತೇ ಬಿಟ್ಟಿದ್ರ ಪಾದ ಅವನ ಕಾಲಿಗೆ ಸಿಗಸ್ರಿ, ಒಗಿಯಾಕ ಆಗಂಗಿಲ್ಲ.

ಹೊಡದ್ರ ಕೇಸ್ ಆಗ್ತದೇನೋ ಅಂತ ಅಂಜಬ್ಯಾಡ್ರಿ. ಆತ್ಮರಕ್ಷಣೆಗೆ ಮಾಡಿದ್ದು ಅಪರಾಧ ಅಲ್ಲ ಅಂತ ಭಾರತೀಯ ನ್ಯಾಯ ಸಂಹಿತೆ ಕಲಂ 34ರಾಗೇ ಅದ. ಆದ್ರ ಬೇಕಾದ್ದಕ್ಕಿಂತ ಜಾಸ್ತಿ ಹೊಡಿಯಾಕ ಹಕ್ಕಿಲ್ಲ. ಅಂವ ಬಿಟ್ಟ ಕೂಡಲೇ ಮಂದಿ ಇರೋ ಕಡಿ ಚೀರ್ಕೋತ ಓಡ್ರಿ, 112ಕ್ಕ ಫೋನ್ ಹಚ್ರಿ.

ವಿಡಿಯೋ ನೋಡಿದ್ರ ಇದು ಬರಂಗಿಲ್ಲ. ಗೆಳತಿ ಜೋಡಿ ಮಾಡ್ರಿ: ಮೊದಲು ಹಗೂರ, ಆಮ್ಯಾಲ ನೀವು ಕಣ್ಣು ಮುಚ್ಚಿ ನಿಂತಾಗ ಆಕಿ ಬೇಕಾದಂಗ ಹಿಡೀಲಿ. ಕುತ್ತಿಗಿ ಪಟ್ಟು ಮಾತ್ರ ಪೂರಾ ಬಿಗೀಬ್ಯಾಡ್ರಿ, ಎರಡು ಸಲ ತಟ್ಟಿದ್ರ ಅದೇ ಕ್ಷಣಕ್ಕ ಬಿಡಬೇಕು.